ಮೀನಖಂಡ

ನಮ್ಮ ದ್ವೀಪದಲ್ಲಿ ಏರು ಎಂಬುದೇ ಇಲ್ಲ.
ಅತಿ ಎತ್ತರದ ಜಾಗ
ಚರ್ಚಿನ ಮೂರನೇ ಮೆಟ್ಟಿಲು.
ಅದಕ್ಕೂ ಮೇಲೆ ಹೋಗಬೇಕಾದವರು
ತೆಂಗಿನ ಮರ ಹತ್ತಬೇಕು, ಅಪ್ಪನ ಹಾಗೆ,
ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ನೀರಾ ಇಳಿಸಲು.

ಸುವಾದಲ್ಲಿ ಹಾಸ್ಟೆಲಿಗೆ ನೂರಾ ಹನ್ನೆರಡು ಮೆಟ್ಟಿಲು.
ಮೊದಲ ವಾರ ಅರ್ಧದಲ್ಲೇ ಕೂತುಬಿಡುತ್ತಿದ್ದೆ
ಚಪ್ಪಲಿಯಲ್ಲಿ ಕಲ್ಲು ಸಿಕ್ಕಿದೆ ಎಂಬ ನೆವದಲ್ಲಿ.
ರಾತ್ರಿ ಮೀನಖಂಡದಲ್ಲಿ ಏನೋ ಒದ್ದಾಡುತ್ತಿತ್ತು,
ಬಲೆಯಿಂದ ದೋಣಿಗೆ ಆಗತಾನೆ ಬಿದ್ದದ್ದರ ಹಾಗೆ.
ಕಾಲಿನಲ್ಲೂ ಮೀನಿರುತ್ತದೆಂದು
ಹದಿನೆಂಟು ವರ್ಷ ಸಮುದ್ರ ತಿಂದು ಬೆಳೆದವಳಿಗೆ
ಗುಡ್ಡ ಹೇಳಿಕೊಡಬೇಕಾಯಿತು.

ಊರಲ್ಲಿ ದಿಕ್ಕು ಎರಡೇ. ಒಳಗಡಲು, ಹೊರಗಡಲು.
"ಒಳಗಡಲ ಕಡೆ ಸರಿ" ಅನ್ನುತ್ತೇವೆ ಚಾಪೆಯಲ್ಲಿ ಮಲಗಿದವರಿಗೆ.
"ನಿನ್ನ ಹೊರಗಡಲ ಕೆನ್ನೆಗೆ ಅನ್ನ ಮೆತ್ತಿದೆ" ಅನ್ನುತ್ತಾಳೆ ಅಜ್ಜಿ.
ಇಲ್ಲಿ ದಾರಿ ಕೇಳಿದರೆ
ಎಡಕ್ಕೆ, ಬಲಕ್ಕೆ, ಎರಡನೇ ಸರ್ಕಲ್ಲಿನಲ್ಲಿ ನೇರಕ್ಕೆ.
ನಾನು ತಿರುಗಿದರೆ ಎಡವೂ ತಿರುಗುತ್ತದೆ,
ಇಂಥ ದಿಕ್ಕನ್ನು ಹೇಗೆ ನಂಬುವುದು?

ಬಸ್ಸಿನಲ್ಲಿ ಕಿಟಕಿಯುದ್ದಕ್ಕೂ ಒಂದು ಹಗ್ಗ.
ಎಳೆದರೆ ಗಂಟೆ, ಗಂಟೆಗೆ ನಿಲುಗಡೆ.
ನನ್ನೊಬ್ಬಳಿಗಾಗಿ ಇಷ್ಟು ಜನರನ್ನು ನಿಲ್ಲಿಸುವುದೇ?
ಬೇರೆ ಯಾರಾದರೂ ಎಳೆಯಲಿ ಎಂದು ಕೂತಿರುತ್ತಿದ್ದೆ.
ಹೀಗೆ ಒಂದು ದಿನ ನೌಸೋರಿಯ ಮಾರುಕಟ್ಟೆ ನೋಡಿದೆ,
ಇನ್ನೊಂದು ದಿನ ಡಿಪೋ. ಡ್ರೈವರ್ ರಾಮ್‌ಲೋಚನ್
ಬುತ್ತಿ ಬಿಚ್ಚಿ ಅರ್ಧ ರೊಟ್ಟಿ ಕೊಟ್ಟು ಕೇಳಿದ:
"ಮಗಳೇ, ನಿನಗೆ ಇಳಿಯುವ ಊರೇ ಇಲ್ಲವೇ?"

ಮೊದಲ ಪ್ರಬಂಧ ಹಿಂತಿರುಗಿ ಬಂತು. ಅಂಚಿನಲ್ಲಿ ಕೆಂಪು ಶಾಯಿ:
"ಚೆನ್ನಾಗಿದೆ. ಆದರೆ ನಿನ್ನ ಅಭಿಪ್ರಾಯ ಎಲ್ಲಿ?"
ಅಭಿಪ್ರಾಯ!
ಅದು ಸಭಾಮನೆಯಲ್ಲಿ ಕಂಬಕ್ಕೆ ಒರಗಿ ಕೂತವರದು.
ನಾವು ಹಿಂದೆ ಕೂತು ನೊಣ ಓಡಿಸುವವರು,
ಅಜ್ಜಂದಿರ ಮಾತು ಮುಗಿದ ಮೇಲೆ ತಟ್ಟೆ ಎತ್ತುವವರು.
ಕೋಣೆಯ ಜೊತೆಗಾತಿ ಲೈಮಾರಾ, ವನುವಾಟುವಿನವಳು,
ಮೇಲಿನ ಮಂಚದಿಂದ ತಲೆ ಇಳಿಬಿಟ್ಟು ಅಂದಳು:
"ಎಲ್ಲಾ ಬರೆದಾದ ಮೇಲೆ 'ಆದರೂ' ಅಂತ ಒಂದು ಸೇರಿಸು.
ಉಳಿದದ್ದು ತಾನಾಗಿ ಬರುತ್ತೆ."
ರಾತ್ರಿಯಿಡೀ ಹೊರಗೆ ಕಪ್ಪೆಗಳು
ಆದರೂ, ಆದರೂ ಎಂದು ಅಭ್ಯಾಸ ಮಾಡಿದವು.

ಏಪ್ರಿಲಿನಲ್ಲಿ, ಇನ್ನೂರು ಜನರ ತರಗತಿಯಲ್ಲಿ,
ಪರದೆಯ ಮೇಲೆ ನಮ್ಮ ದ್ವೀಪ ಬಂತು.
ಆಕಾಶದಿಂದ ತೆಗೆದದ್ದು; ಕತ್ತರಿಸಿ ಬಿಸಾಡಿದ ಉಗುರಿನಷ್ಟು.
ಮೇಷ್ಟರು ಕೋಲಿನಿಂದ ತೋರಿಸುತ್ತ
"ಈಗ ನೀರು ಇಲ್ಲಿ, ಐವತ್ತು ವರ್ಷಕ್ಕೆ ಇಲ್ಲಿ" ಅಂದರು.
ಕೋಲಿನ ತುದಿ ನಿಂತದ್ದು
ಚಿಕ್ಕಮ್ಮನ ಹಂದಿಗೂಡಿನ ಮೇಲೆ.
"ಅಲ್ಲಿಯವರು ಯಾರಾದರೂ ಇದ್ದೀರಾ?"
ಕೈ ಎತ್ತಲಿಲ್ಲ. ಎತ್ತಿದರೆ
ಇನ್ನೂರು ಮುಖಗಳು, ಸಾವಿನ ಮನೆಗೆ ಬಂದವರ ಹಾಗೆ,
ಮೆಲ್ಲಗೆ ತಿರುಗುತ್ತವೆ.
ನನಗೋ ಆ ಹೊತ್ತಿಗೆ ಹಸಿವಾಗಿತ್ತು,
ಒಣಹಾಕಿದ ಬಟ್ಟೆ ಮಳೆಗೆ ಸಿಕ್ಕಿತೇನೋ ಎಂಬ ಚಿಂತೆಯಿತ್ತು.
ಆದರೂ

ಆದರೂ ಅದು ಬರೀ ಜಾಗವಲ್ಲ ಸಾರ್,
ಅಲ್ಲಿ ಏಳು ಮರಿಗಳಿವೆ, ಒಂದಕ್ಕೆ ನನ್ನ ಹೆಸರು,
ಎಂದು ಎದ್ದು ಹೇಳಬಹುದಿತ್ತು.
ಹೇಳಲಿಲ್ಲ.
ಪುಸ್ತಕ ಎದೆಗವುಚಿಕೊಂಡು ಬಸ್ಸು ಹತ್ತಿದೆ.
ಮಳೆ. ಕಿಟಕಿಯೆಲ್ಲಾ ಉಸಿರು.
ನನ್ನ ನಿಲ್ದಾಣ ಬರುತ್ತಿತ್ತು. ಯಾರೂ ಏಳಲಿಲ್ಲ.
ಹಗ್ಗ ಎಳೆದೆ.
ಅಷ್ಟು ಜೋರಾಗಿ ಬಡಿಯುತ್ತದೆಂದು ಗೊತ್ತಿರಲಿಲ್ಲ.
ಬಸ್ಸು ನಿಂತಿತು, ಎಲ್ಲರನ್ನೂ ಹೊತ್ತುಕೊಂಡೇ,
ಯಾರೂ ಬೈಯಲಿಲ್ಲ.

ಭಾನುವಾರ ಅಮ್ಮನ ಫೋನು, ಕಡಿಯುತ್ತ, ಕೂಡುತ್ತ.
"ಗುಡ್ಡ ಎಷ್ಟೆತ್ತರ, ಪಸೆಮೆತಾ?"
"ಒಂದು ತೆಂಗಿನ ಮರ, ಅದರ ತುದಿಯಲ್ಲಿ ಅಪ್ಪ ನಿಂತಷ್ಟು."
"ಹತ್ತಿದರೆ ಆಚೆ ಏನು ಕಾಣುತ್ತೆ?"
"ಇನ್ನೊಂದು ಗುಡ್ಡ."
ಅಮ್ಮ ಬಹಳ ಹೊತ್ತು ನಕ್ಕಳು.
ಆಮೇಲೆ ಅಂಗಳದಿಂದ ಯಾರನ್ನೋ ಕೂಗಿ ಕರೆದು
ಮತ್ತೊಮ್ಮೆ ಹೇಳಿಸಿದಳು.